ಒಬ್ಬರೇ ಕೂಡುವ ಗಾಡಿ

ವೇದಿಕೆಯ ನಡುವಿನ ಕುರ್ಚಿಯನ್ನು ಅಲಂಕರಿಸಿರುವ ತುಕ್ಕಾನಟ್ಟಿ ರೈತ ಬಳಗದ ಅಧ್ಯಕ್ಷರಾದ ಕೆಂಚಪ್ಪನವರೇ, ಅವರ ಎಡಬಲದಲ್ಲಿರುವ ಹಿರಿಯರೇ, ಶಾಲು ಹೊದ್ದು ತಲೆ ತಗ್ಗಿಸಿ ಕುಳಿತಿರುವ ಇಂದಿನ ಸನ್ಮಾನಿತರೂ ನಮ್ಮ ಮನೆಯ ಅಳಿಯಂದಿರೂ ಆದ ಕಾಶಿನಾಥ ಅವರೇ, ಜಮಖಾನದ ಮೇಲೆ ಕುಳಿತ ತಾಯಂದಿರೇ, ಕಂಬಕ್ಕೆ ಒರಗಿ ನಿಂತ ತರುಣರೇ, ಸಭಿಕರೇ, ತಮಗೆಲ್ಲ ಶರಣು.

ನಾನು ಮುದಲಗಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಅನ್ನಪೂರ್ಣಾ. ಕಾಶಿನಾಥ ಅವರ ಹೆಂಡತಿ ಶೋಭಾ ನನ್ನ ಬೆನ್ನಿಗೆ ಬಿದ್ದ ತಂಗಿ. ಅಭಿನಂದನೆಯ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕರೆದಿದ್ದಾರೆ. ದಿನವೂ ತರಗತಿಯಲ್ಲಿ ಗಂಟಲು ಹರಿಯುವಂತೆ ಮಾತಾಡುವವಳಿಗೆ ಇವತ್ತು ಮಾತು ಹೊಂದುತ್ತಿಲ್ಲ. ಮಾತು ತಡವರಿಸಿದರೆ ಮೈಕಿನವರನ್ನು ಬೈಯಬೇಡಿ.

ಕಳೆದ ಮಳೆಗಾಲದ ಮಾತು. ಕಾಶಿನಾಥ ಅವರ ತಾಯಿ ಬಾಳವ್ವನವರಿಗೆ ಉಸಿರುಗಟ್ಟತೊಡಗಿತು. ಹಳ್ಳ ಉಕ್ಕಿ ರಸ್ತೆ ಮುಳುಗಿತ್ತು, ಆಂಬುಲೆನ್ಸ್ ಆಚೆ ದಡದಲ್ಲೇ ನಿಂತಿತ್ತು. ಕಾಶಿನಾಥ ಅವರು ನನಗೆ ಫೋನ್ ಮಾಡಿದರು: "ಅಕ್ಕಾರ, ಅವ್ವನ್ನ ನಾಕ ಗಾಲಿ ಬೈಕ್ ಮ್ಯಾಲ ಕುಂದ್ರಿಸ್ಕೊಂಡ ಹೊಲದಾಗಿಂದ ಹೊಂಟೇನ್ರಿ. ಬ್ಯಾರೆ ದಾರಿನ ಇಲ್ಲರಿ."

ನಾಲ್ಕು ಗಾಲಿಯ ಬೈಕ್ ಎಂದರೆ ತಮಗೆಲ್ಲ ಗೊತ್ತು. ಕಬ್ಬಿಗೆ ಕ್ರಿಮಿನಾಶಕದ ಎಣ್ಣೆ ಹೊಡೆಯಲಿಕ್ಕೆಂದು ತಂದ, ದಪ್ಪ ಗಾಲಿಯ, ಒಬ್ಬರೇ ಕುಳಿತು ಓಡಿಸುವ ಎ.ಟಿ.ವಿ. ಆ ಗಾಡಿಯ ಮೇಲೆ ತಾಯಿಯನ್ನು ಹಿಂದೆ ಕೂಡಿಸಿ, ಧೋತರದಿಂದ ತಮ್ಮ ನಡುವಿಗೆ ಕಟ್ಟಿಕೊಂಡು, ಕಾಶಿನಾಥ ಅವರು ಕೆಸರು ತುಳಿದು, ನೀರು ಕಡಿಮೆ ಇದ್ದ ಕಡೆ ಹಳ್ಳ ದಾಟಿ ಆಂಬುಲೆನ್ಸ್ ಮುಟ್ಟಿಸಿದರು. ಬಾಳವ್ವನವರು ಉಳಿದರು. ಅದು ಸಣ್ಣ ಕೆಲಸವೇ? ಅಲ್ಲ. ಯಾರೋ ತೆಗೆದ ವೀಡಿಯೊ ಹಾಡು ಹಚ್ಚಿಕೊಂಡು ಗೋಕಾಕಿನ ತನಕ ಓಡಾಡಿತು, ಹುಕ್ಕೇರಿಯ ತನಕ ಓಡಾಡಿತು. ನಮ್ಮ ಶಾಲೆಯ ಮಕ್ಕಳು "ಟೀಚರ್, ಇವ್ರು ನಿಮ್ಮ ಮನಿ ಅಳ್ಯಾರೇನ್ರಿ?" ಎಂದು ಕೇಳಿದಾಗ ನಾನೂ ಎದೆಯುಬ್ಬಿಸಿ ಹೌದೆಂದೆ.

ಆದರೆ ಆಸ್ಪತ್ರೆಯಲ್ಲಿ ಬಾಳವ್ವನವರು ನನ್ನ ಕೈ ಹಿಡಿದು ಹೇಳಿದ್ದು ಯಾವ ವೀಡಿಯೊದಲ್ಲೂ ಇಲ್ಲ. "ಯವ್ವಾ ಅನ್ನಪೂರ್ಣಾ, ಹಿಂದ ಹಿಡಕೊಳ್ಳಾಕ ಏನೂ ಇರಲಿಲ್ಲ ನೋಡ. ಕಾಲ ಇಡಾಕ ಜಾಗಾ ಇರಲಿಲ್ಲ. ಕಣ್ಣ ಮುಚ್ಚಿದಾಕಿ ಆಂಬುಲೆನ್ಸಿನ್ಯಾಗ ತಗದೆ."

ನಾನು ಹುಟ್ಟು ಅಂಜುಬುರುಕಿ. ನಾವು ಹೆದ್ದಾರಿ ಬದಿಯ ಕಣಗಲಾ ಊರಿನವರು. ನಮ್ಮಪ್ಪ ಗುರುಲಿಂಗಪ್ಪನವರು ನಮ್ಮಿಬ್ಬರನ್ನೂ ಸೈಕಲ್ ಮೇಲೆ ಕೂಡಿಸಿಕೊಂಡು ಹೆದ್ದಾರಿಯ ಬಾಜೂ ಹೊರಟರೆ, ಮುಂದಿನ ದಂಡಿಗೆಯ ಮೇಲೆ ಕುಳಿತ ನಾನು "ಅಪ್ಪಾ, ಸಾವಕಾಶ" ಎಂದು ಅಳುತ್ತಿದ್ದೆ. ಹಿಂದೆ ಕ್ಯಾರಿಯರ್ ಮೇಲಿನ ಶೋಭಾ "ಇನ್ನೂ ಜೋರ್ ಹೊಡಿ" ಎಂದು ಕೂಗುತ್ತಿದ್ದಳು. ನಾನು ಟೀಚರ್ ಆದೆ. ಅವಳು ಇಲ್ಲಿಗೆ ಸೊಸೆಯಾಗಿ ಬಂದು ಟ್ರ್ಯಾಕ್ಟರ್ ಓಡಿಸುವುದನ್ನೂ ಕಲಿತಳು. ಗಟ್ಟಿ ಹೆಣ್ಣುಮಗಳು. ಅಂಥವಳು ಕಾಲುವೆ ಏರಿಯ ಮೇಲೆ ಬಿದ್ದು ಸೊಂಟ ಮುರಿದುಕೊಂಡಾಗ ನಾನು...

ಕ್ಷಮಿಸಿ.

ಬಚ್ಚಲಲ್ಲಿ ಬಿದ್ದಾಗ, ಎನ್ನಬೇಕಿತ್ತು. ತಮಗೆಲ್ಲ ಹಾಗೇ ಹೇಳಿದ್ದಾರೆ. ಹಣ್ಣು ತೆಗೆದುಕೊಂಡು ನೋಡಲು ಬಂದವರೆಲ್ಲ "ಬಚ್ಚಲಾಗ ಪಾಚಿ ಕಟ್ಟಿತ್ತೇನವ್ವಾ?" ಎಂದೇ ಕೇಳಿದ್ದೀರಿ. ನನಗೂ ಹಾಗೇ ಹೇಳಿದ್ದರು. ನಿಜ ತಿಳಿದದ್ದು ಮೊನ್ನೆ, ಈ ಸಮಾರಂಭದ ಕರೆಯೋಲೆ ನನ್ನ ಕೈಗೆ ಬಂದ ಮೇಲೆ. ಬಾಯಿ ತಪ್ಪಿ ಬಂದ ಮಾತನ್ನು ನುಂಗಿಬಿಡಲೇ? ಶೋಭಾ ಅಲ್ಲಿ ತಾಯಂದಿರ ಸಾಲಿನ ಕೊನೆಗೆ, ಕುರ್ಚಿಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದಾಳೆ. ಶೋಭಾ, ಹೇಳಲೇನು? ಹೂಂ ಎಂದು ತಲೆ ಆಡಿಸಿದಳು. ನೋಡಿದಿರಲ್ಲ?

ನೀರು ಇಳಿದ ಮೇಲೆ, ಒಂದು ಮಧ್ಯಾಹ್ನ ಗಂಡಹೆಂಡತಿ ಅದೇ ಗಾಡಿಯ ಮೇಲೆ ಹೊಲಕ್ಕೆ ಹೊರಟಿದ್ದರು. ಅವಳ ತೊಡೆಯ ಮೇಲೆ ಬುತ್ತಿ. ತಾಯಿಯನ್ನೇ ದಾಟಿಸಿದ ಗಾಡಿ, ಹೆಂಡತಿಯನ್ನು ಒಯ್ಯದೇ? ಕಾಲುವೆಯ ಏರಿ ಹತ್ತುವಾಗ ಮುಂದಿನ ಗಾಲಿ ಎರಡೂ ಎದ್ದವು. ಗಾಡಿ ಹಿಮ್ಮೊಗವಾಗಿ ಮಗುಚಿತು. ಕಾಶಿನಾಥ ಅವರು ಬಾಜೂಕ್ಕೆ ಸಿಡಿದು ಬಿದ್ದರು. ಶೋಭಾ ಅದರ ಕೆಳಗೆ ಸಿಕ್ಕಳು. ಮೂರು ಕ್ವಿಂಟಲಿನಷ್ಟು ಭಾರದ ಕಬ್ಬಿಣವನ್ನು ಆ ಮನುಷ್ಯ ಒಬ್ಬರೇ ಹೇಗೆ ಎತ್ತಿದರೋ, ಅವರಿಗೇ ಗೊತ್ತಿಲ್ಲ.

"ಇಬ್ಬರು ಕೂಡುವಷ್ಟು ಉದ್ದ ಸೀಟು ಐತೆಲ್ಲರಿ, ಮತ್ತ ಹೆಂಗ ಮಗುಚಿತು?" ಎಂದು ಮೊನ್ನೆ ನಾನು ಸಿಟ್ಟಿನಲ್ಲಿ ಕೇಳಿದೆ. ಆಗ ಕಾಶಿನಾಥ ಅವರು ಅತ್ತರು. ಅತ್ತು ಹೇಳಿದರು: "ಅದು ಇಬ್ಬರಿಗಲ್ಲರಿ ಅಕ್ಕಾರ. ಏರ್ ಹತ್ತುಮುಂದ ಓಡ್ಸಾಂವ ಮುಂದಕ್ಕ ಸರೀಬೇಕು, ಇಳೀಮುಂದ ಹಿಂದಕ್ಕ ಸರೀಬೇಕು, ಅದಕ್ಕ ಉದ್ದ ಮಾಡ್ಯಾರ. ಇಕಿ ಅಂಜಿ ನನ್ನ ಗಟ್ಟಿ ಹಿಡಕೊಂಡಿದ್ಲು. ನನಗ ಸರ್ಯಾಕ ಬರಲಿಲ್ಲರಿ."

ಸಭಿಕರೇ, ಜೀವಮಾನದಲ್ಲಿ ಎಂದೂ ಅಂಜದ ನನ್ನ ತಂಗಿ ಅಂದು ಒಮ್ಮೆ ಅಂಜಿ ಗಂಡನನ್ನು ಹಿಡಿದುಕೊಂಡಳು. ಅದು ತಪ್ಪೇ? ಹಿಂದೆ ಕುಳಿತವರು ಮುಂದಿನವರನ್ನು ಬಿಟ್ಟು ಇನ್ನಾರನ್ನು ಹಿಡಿಯಬೇಕು?

ಮುಚ್ಚಿಟ್ಟಿದ್ದೇಕೆ ಎಂದು ಕೇಳಿದೆ. ಶೋಭಾ ಹೇಳಿದಳು: "ಊರೆಲ್ಲಾ ಇವ್ರನ್ನ ಹೊಗಳಾಕತ್ತಿತ್ತಕ್ಕಾ. ನಾ ಹೆಂಗ ಬಾಯಿ ತಗೀಲಿ?" ನಾವು ಹೊಗಳಿದ್ದು ಅವಳ ಬಾಯಿ ಕಟ್ಟಿತು, ನೋಡಿ.

ಗೋಕಾಕಿಗೆ ಹೋಗಿ, ಸಾರಿಗೆ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನೂ ವಿಚಾರಿಸಿದೆ. "ಟೀಚರ್, ನೀವು ಹೇಳೋ ಗಾಡಿ ನೋಂದಣಿನ ಆಗಿಲ್ಲ. ಅದು ಹೊಲದೊಳಗಿಂದು. ರಸ್ತಾಕ್ಕ ಒಬ್ಬರು ತಂದರೂ ತಪ್ಪ. ಮತ್ತೊಬ್ಬರನ್ನ ಹಿಂದ ಕುಂದ್ರಿಸೋದಂತೂ ಕೇಳಬ್ಯಾಡ್ರಿ. ಏನರ ಆದ್ರ ವಿಮಾದಾಗ ಒಂದ ಪೈಸಾ ಬರಂಗಿಲ್ಲ" ಎಂದಳು. ಗಾಡಿಯ ಮೇಲೆಯೇ ಚೀಟಿ ಅಂಟಿಸಿದ್ದಾರೆ, ಒಬ್ಬರ ಹಿಂದೆ ಇನ್ನೊಬ್ಬರು ಕುಳಿತ ಚಿತ್ರದ ಮೇಲೆ ಕೆಂಪು ಗೆರೆ. ಓದು ಬಾರದವರಿಗೂ ತಿಳಿಯುವ ಚಿತ್ರ. ಓದು ಬಂದ ನಾನೂ ಮೊದಲು ನೋಡಲಿಲ್ಲ.

ನನಗಿಂತ ಮೊದಲು ಮಾತಾಡಿದ ಅಧ್ಯಕ್ಷರು ಘೋಷಿಸಿದರು, ಇಂದಿನಿಂದ ಈ ಗಾಡಿಯೇ ನಮ್ಮ ಊರಿನ ರೋಗಿಗಳ ಸೇವೆಗೆ, ಹಳ್ಳ ಉಕ್ಕಿದರೆ ಮೊದಲು ಅವರ ಸೊಸೆ ಪದ್ಮಶ್ರೀಯನ್ನೇ ಹೆರಿಗೆಗೆ ಘಟಪ್ರಭಾದ ಆಸ್ಪತ್ರೆಗೆ ಒಯ್ಯುವುದು ಎಂದು. ತಾವು ಚಪ್ಪಾಳೆ ತಟ್ಟಿದಿರಿ. ನನ್ನ ಕೈ ಮೇಲೇಳಲಿಲ್ಲ. ತುಂಬು ಬಸುರಿ ಆ ಏರಿ ಹತ್ತುವಾಗ ಯಾರನ್ನು ಹಿಡಿಯಬೇಕು ಕೆಂಚಪ್ಪನವರೇ? ಹೇಗೆ ಹಿಡಿಯಬೇಕು?

ಆವತ್ತು ಬೇರೆ ದಾರಿ ಇರಲಿಲ್ಲ. ಮಗನೊಬ್ಬ ತಾಯಿಗಾಗಿ ಜೀವದ ಹಂಗು ಬಿಟ್ಟ. ಅದಕ್ಕೆ ಶಾಲು ಹೊದಿಸಿ, ನಾನೂ ಕೈ ಮುಗಿಯುತ್ತೇನೆ. ಆದರೆ ಬೇರೆ ದಾರಿ ಇಲ್ಲದ ದಿನದ ಕೆಲಸವನ್ನು ದಿನದಿನದ ಸೇವೆ ಮಾಡಬೇಡಿ. ನೀರು ಬರುವ ಮೊದಲೇ ರೋಗಿಗಳನ್ನು ದಾಟಿಸಿ. ಹಳ್ಳಕ್ಕೊಂದು ಸೇತುವೆ ಕೇಳಿ. ಕೇಳಲು ನಾನೂ ಬರುತ್ತೇನೆ.

ಶೋಭಾ ಯಾಕೆ ಏಳುತ್ತಿದ್ದಾಳೆ? ಕೂಡು, ಶೋಭಾ. ಬೀಳುತ್ತೀಯೆ... ಇಲ್ಲ. ನಿಂತುಕೋ. ಎಲ್ಲರೂ ತಿರುಗಿ ನೋಡಿ. ಕೋಲು ಹಿಡಿದು, ಒಂದು ಕಡೆ ವಾಲಿ, ಹೀಗೆ ನಿಲ್ಲುತ್ತಾಳೆ ನನ್ನ ತಂಗಿ.

ಕಾಶಿನಾಥ ಅವರು ಶಾಲು ಕುರ್ಚಿಯ ಮೇಲಿಟ್ಟು ಕೆಳಗಿಳಿದರು. ಹೋಗಲಿ, ಅವಳ ಹತ್ತಿರವೇ ಹೋಗಲಿ, ದಾರಿ ಬಿಡಿ. ಅವಳು ಅವರ ತೋಳು ಹಿಡಿದಳು.

ನನ್ನ ಮಾತು ಅಧ್ಯಕ್ಷರಿಗೆ ಬೇಸರ ತಂದಿರಬಹುದು. ಹಬ್ಬದ ಮನೆಯಲ್ಲಿ ಅಳು ತಂದಳು ಎಂದು ತಾವೂ ಅನ್ನಬಹುದು. ಅನ್ನಿಸಿಕೊಳ್ಳುತ್ತೇನೆ. ಪದ್ಮಶ್ರೀ, ಎಲ್ಲಿದ್ದೀಯವ್ವಾ? ಮುದಲಗಿಯಲ್ಲಿ ನನ್ನ ಮನೆಯಿಂದ ಆಸ್ಪತ್ರೆಗೆ ಓಣಿ ದಾಟಿದರಾಯಿತು. ನಾಳೆ ಬಸ್ಸಿಗೆ ನನ್ನ ಜೊತೆ ಬಾ. ಹೆರಿಗೆಯಾಗುವ ತನಕ ನನ್ನ ಹತ್ತಿರ ಇರು. ಅತ್ತೆಯೂ ಬರಲಿ, ಎರಡು ರೊಟ್ಟಿ ಹೆಚ್ಚು ತಟ್ಟುತ್ತೇನೆ.

ಕೈ ಎತ್ತಿದಳು. ಬರುತ್ತೇನೆ ಎಂದು ಕೈ ಎತ್ತಿದಳು! ಕೆಂಚಪ್ಪನವರೇ, ತಾವೂ ಅವಳ ಕಡೆ ನೋಡಿ.

ಇಷ್ಟು ಹೊತ್ತು ನನ್ನ ಅಂಜಿಕೆಯನ್ನು ಕೇಳಿಸಿಕೊಂಡ ತಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.