ಪಾಸಣ್ಣನ ಬಾಟಲಿ

ಸಭೆಗೆ ಬಂದಿರುವ ಎಲ್ಲರಿಗೂ, ಮುಂದೆ ಕೂತಿರುವ ಅತ್ತಿಗೆಗೆ, ಮಕ್ಕಳಿಗೆ, ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ. ದಿವಂಗತರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡು ಅಂತ ಮೈಕು ಕೊಟ್ಟಿದ್ದೀರಿ. ಆಡ್ತೀನಿ. ಆದರೆ ನನಗೆ ಸಿಟ್ಟು ಬಂದಿದೆ — ಅದನ್ನೂ ಕೇಳಿ.

ನಮ್ಮ ಡಿಪೋದಲ್ಲಿ ಅವನಂಥ ಡ್ರೈವರ್ ಇನ್ನೊಬ್ಬನಿರಲಿಲ್ಲ. ಬ್ರೇಕ್ ಹಾಕಿದ್ದು ನಿಂತವರಿಗೂ ಗೊತ್ತಾಗ್ತಿರಲಿಲ್ಲ. ಅವನ ಬಸ್ಸಿನ ಕಂಡಕ್ಟರ್ ನಾನು, ನನಗೆ ಗೊತ್ತು. ಅಂಥವನಿಗೆ ನೀವಿಟ್ಟ ಹೆಸರು — ಪಾಸಣ್ಣ. ವರ್ಷವರ್ಷ ಮೆಡಿಕಲ್ ಚೆಕಪ್‌ನಲ್ಲಿ ಪಾಸು.

ಸಕ್ಕರೆ ಕಾಯಿಲೆ ಇಟ್ಕೊಂಡು ಹೇಗೆ ಪಾಸು? ತಲೆ ತಗ್ಗಿಸಬೇಡಿ, ನಿಮಗೆಲ್ಲ ಗೊತ್ತು. ರಕ್ತ ಕೊಡೋ ಮುಂಚೆ ಎರಡು ದಿನ ಬಾಯಿ ಕಟ್ಟೋದು. ಮೂತ್ರಕ್ಕೆ — ನಮ್ಮ ಟೈರ್ ಸೆಕ್ಷನ್‌ನಲ್ಲೇ ಇರೋ ಅವನ ತಮ್ಮನ ಬಾಟಲಿ. ಬೆಚ್ಚಗಿರಲಿ ಅಂತ ಕಂಕುಳಲ್ಲಿ ಹೀಗೆ ಅವುಚಿಕೊಂಡು ಹೋಗ್ತಿದ್ದ. ಹೊರಗೆ ಬಂದವನೇ ಸಕ್ಕರೆ ಜಾಸ್ತಿ ಹಾಕಿಸಿ ಚಹಾ. "ತಮ್ಮ ಹುಯ್ದ, ಅಣ್ಣ ಪಾಸಾದ" ಅಂತ ಕ್ಯಾಂಟೀನೆಲ್ಲ ನಗು.

"ಯಾರಿಗೆ ಟೋಪಿ ಹಾಕ್ತಿದೀಯೋ?" ಅಂತ ಬೈದೆ. "ಸ್ಟೇರಿಂಗ್ ಹೋದ್ರೆ ನಾನು ಯಾರು ಹೇಳು" ಅಂದ.

ಕಿಡ್ನಿ ಪೂರ್ತಿ ಕೈಕೊಟ್ಟು ಅವನನ್ನ ಸೇರಿಸಿದಾಗ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಳಿದ್ರು — ಸಕ್ಕರೆ ಕಾಯಿಲೆಗೆ ಕಿಡ್ನಿ ಕೆಡೋಕೆ ಶುರುವಾದಾಗ ನೋವಿರಲ್ಲ, ಊತ ಇರಲ್ಲ. ಮೂತ್ರದಲ್ಲಿ ಪ್ರೋಟೀನ್ ಒಂಚೂರು ಸೋರುತ್ತೆ, ಅಷ್ಟೇ. ಆಗಲೇ ಹಿಡಿದು ಸಕ್ಕರೆ, ಬಿಪಿ ಹತೋಟಿಯಲ್ಲಿ ಇಟ್ಟಿದ್ರೆ ಎಷ್ಟೋ ವರ್ಷ ಕಾಪಾಡಬಹುದಿತ್ತಂತೆ. "ಆದರೆ ಹಳೇ ರಿಪೋರ್ಟಲ್ಲೆಲ್ಲ ಚೆನ್ನಾಗೇ ಇದೆಯಲ್ಲ?" ಅಂದ್ರು. ಅತ್ತಿಗೆ ನನ್ನ ಮುಖ ನೋಡಿದ್ರು. ಅವನ ತಮ್ಮ ಗೋಡೆಗೆ ಹಣೆ ಒತ್ತಿಕೊಂಡು ಹೇಳಿದ — "ಚೆನ್ನಾಗಿರೋದು ನನ್ನ ಕಿಡ್ನಿ, ಡಾಕ್ಟ್ರೆ."

ಸಾಹೇಬ್ರೆ, ಏಳಬೇಡಿ, ಕೂತ್ಕೊಳ್ಳಿ. ಸಕ್ಕರೆ ಅಂದ ತಕ್ಷಣ ಸ್ಟೇರಿಂಗ್ ಕಿತ್ತು ಗೇಟು ಕಾಯೋಕೆ ಹಾಕ್ತೀರಲ್ಲ — ಮತ್ತೆ ಯಾರು ನಿಜ ಹೇಳ್ತಾರೆ? ಮಾತ್ರೆ ತಗೊಂಡು ಹತೋಟಿಯಲ್ಲಿ ಇಟ್ಕೊಂಡವನು ಬಸ್ಸು ಓಡಿಸಲಿ ಅಂತ ಒಂದು ಮಾತು ನಿಮ್ಮ ಬಾಯಿಂದ ಬಂದಿದ್ರೆ, ಅವನು ತನ್ನ ಬಾಟಲೀನೇ ಕೊಡ್ತಿದ್ದ. ಅವನ ಮೇಲೂ ನನಗೆ ಸಿಟ್ಟಿದೆ. ಊರನ್ನೆಲ್ಲ ಜೋಪಾನವಾಗಿ ಇಳಿಸಿ ಬಂದವನು, ಮನೆಯವರನ್ನ ನಡುದಾರಿಯಲ್ಲಿ ಬಿಟ್ಟುಹೋದ.

ಮುಂದಿನ ವಾರ ಮತ್ತೆ ಮೆಡಿಕಲ್. ಈಗಷ್ಟೇ, ಈ ಸಭೆ ಶುರುವಾಗೋ ಮುಂಚೆ, ಹೊರಗೆ ಚಪ್ಪಲಿ ಬಿಡೋ ಕಡೆ ಒಬ್ಬ ಆ ತಮ್ಮನನ್ನ ಕೇಳ್ತಿದ್ದ — "ಈ ಸಲ ನನಗೊಂದು ಬಾಟಲಿ ಕೊಡ್ತೀಯಾ?" ನಾನು ಪಕ್ಕದಲ್ಲೇ ಇದ್ದೆ. ಯಾರು ಅಂತ ಹೇಳಲ್ಲ. ಇಲ್ಲೇ ಕೂತಿದಾನೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಗಲಿದ ಗೆಳೆಯನಿಗಾಗಿ ಒಂದು ನಿಮಿಷ ಮೌನ. — ಬಾಟಲಿ ಕೇಳಿದವನೇ, ನೀನೂ ಏಳು. ಹಿಂದೆ ಅಲ್ಲ. ಇಲ್ಲಿ ಬಾ, ತಮ್ಮನ ಪಕ್ಕದಲ್ಲಿ ನಿಲ್ಲು.