ಹಾಡುಗಾರ ಕರೆದ ಹೆಸರು

ಹೇಳಬೇಕೋ, ಸುಮ್ಮನಿರಬೇಕೋ? ಕಲಬುರಗಿಯ ಮೈದಾನದಲ್ಲಿ ಮಳೆಯಿಂದ ತಡವಾದ ರಾಕ್ ಕಾರ್ಯಕ್ರಮಕ್ಕೆ ಕಾಯುತ್ತ, ತಾಡಪತ್ರಿಯ ಕೆಳಗೆ ನಿಂತಿದ್ದ ಮುಕುಂದನಿಗೆ ಅದೇ ತೊಳಲಾಟ. ಪಕ್ಕದಲ್ಲಿ ಕಮಲಾಪುರದ ಗಂಡಹೆಂಡತಿ ವಾದಕ್ಕೆ ಬಿದ್ದಿದ್ದರು.

“ಹತ್ತು ವರ್ಷದ ಹಿಂದ ಇದೇ ಮೈದಾನದಾಗ, ಈ ಹಾಡುಗಾರ ಹಾಡು ಮುಗಿಸಿ ನನ್ನ ಕಡಿ ಕೈ ಮಾಡಿ ‘ಯಂಕೂ’ ಅಂದಾನ, ಶೇವಂತಾ. ಆವತ್ತಿಂದ ಅವನ ಕ್ಯಾಸೆಟ್ ಬಿಟ್ಟು ಬ್ಯಾರೆ ಕೇಳಿಲ್ಲ ನಾ.”

“ಇಂಗ್ಲಿಷ್ ಹಾಡಾಂವಗ ಯಂಕಪ್ಪ ಅನ್ನೋ ನಿಮ್ಮ ಹೆಸರು ಹ್ಯಾಂಗ ಗೊತ್ತಾಗ್ತದರಿ?”

“ಅವನ ಸ್ಪೀಕರ್ ಹೊತ್ತಾಂವ ನಾನೇ. ಹುಡುಗರು ಯಂಕೂ ಯಂಕೂ ಅಂತ ಕರೀಲಾಕತ್ತಿದ್ರು, ಕೇಳ್ಯಾನ.”

“ಚಾದಂಗಡ್ಯಾಗ ಮಂದಿ ಇದನ್ನೇ ಹೇಳಿ ನಗ್ತಾರ. ಇವತ್ತ ಕರೀಲಿಲ್ಲಂದ್ರ ಈ ಮಾತು ಇಲ್ಲಿಗೇ ಬಿಡಬೇಕ ನೋಡ್ರಿ.”

“ಕರದ್ರ?”

“ಕರದ್ರ ಊರಿಗೆಲ್ಲ ನಾನೇ ಹೇಳ್ತೀನಿ.”

ಮಳೆ ನಿಂತಿತು. ಹಾಡುಗಾರ ವೇದಿಕೆಗೆ ಬಂದು, ನೆನೆಯುತ್ತ ಕಾದವರತ್ತ ಕೈ ಬೀಸಿ ಮೈಕಿನಲ್ಲಿ ಕೂಗಿದ. ಯಂಕಪ್ಪ ಹೆಂಡತಿಯ ಮುಖ ನೋಡಿದ.

ಶೇವಂತಾ ಸೆರಗು ಸರಿಮಾಡಿಕೊಂಡಳು. “ಕರೀಲಾಕತ್ತಾನ, ನಡೀರಿ,” ಎಂದು ಗಂಡನ ತೋಳು ಹಿಡಿದು ಮುಂದಕ್ಕೆ ಹೋದಳು.

ಹಾಡುಗಾರ ಅಂದದ್ದು ‘ಥ್ಯಾಂಕ್ ಯೂ’ ಎಂದು ಮುಕುಂದ ಯಾರಿಗೂ ಹೇಳಲಿಲ್ಲ.