ತಂಗಿಯ ಬಹಿಷ್ಕಾರ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಕೂತಿದ್ದರು. ಅಕ್ಕನ ಕೆನ್ನೆ ಊದಿತ್ತು.

“ನಿನ್ನೆ ಧಾರಾವಾಹಿಯಲ್ಲಿ ಏನಾಯ್ತಕ್ಕ?”

“ನೀನು ಅದಕ್ಕೆ ಬಹಿಷ್ಕಾರ ಹಾಕಿದೀಯಲ್ಲ.”

“ನೋಡೋದನ್ನ ಬಿಟ್ಟಿದೀನಿ, ಕೇಳೋದನ್ನ ಬಿಟ್ಟಿಲ್ಲ. ಅದರ ಹೀರೋ ಪಾತ್ರ ಮಾಡೋನು ಸೆಲ್ಫಿಗೆ ಬಂದ ಅಭಿಮಾನಿ ಹುಡುಗಿಯ ಕೈ ತಳ್ಳಿದ್ದು ತಪ್ಪು ತಾನೆ?”

“ಅವಳು ಅವನ ಮೂಗಿಗೇ ಫೋನ್ ಹಿಡಿದಿದ್ಲು. ನಾನು ಫೇಸ್‌ಬುಕ್‌ನಲ್ಲಿ ಅಷ್ಟು ಬರೆದಿದ್ದಕ್ಕೆ ನೀನು ನನ್ನನ್ನ ಏನಂದೆ?”

“ಅದು ಚರ್ಚೆ ಅಕ್ಕ.”

“‘ಬುದ್ಧಿ ಅಡವಿಟ್ಟ ಮುದುಕಿ’ ಅಂದೆ. ಒಡಹುಟ್ಟಿದವಳನ್ನ. ನಾನೂರು ಜನ ಲೈಕ್ ಒತ್ತಿದ್ರು. ನಿನ್ನ ಭಾವನೂ ಒತ್ತಿದ್ರು.”

“ಭಾವ ಕೈತಪ್ಪಿ ಒತ್ತಿರ್ತಾರೆ. ಆಯ್ತು, ತಪ್ಪಾಯ್ತು. ಆಪರೇಷನ್ ಆದ್ಮೇಲೆ ಹೀರೋ ಬದುಕಿದ್ನಾ?”

“ಇಲ್ಲಿ ಕೇಳಿದ್ರೆ ಆಗಲ್ಲ. ಬೈದ ಜಾಗದಲ್ಲೇ ಬರಿ.”

“ಎಲ್ಲರೂ ನನ್ನ ಮೇಲೆ ಬೀಳ್ತಾರೆ.”

“ಬೀಳಲಿ.”

ತಂಗಿ ಫೋನ್ ತೆಗೆದು, ಬರೆದು ತೋರಿಸಿದಳು. ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು.

“ಬುದ್ಧಿಗೆ ಮಾತ್ರ ಕ್ಷಮೆ ಕೇಳಿದೀಯ. ಮುದುಕಿ ಅಂದಿದ್ದಕ್ಕೆ?”

ತಂಗಿ ಅದನ್ನೂ ಸೇರಿಸಿದಳು. ಅಷ್ಟರಲ್ಲಿ ನರ್ಸ್ ಅಕ್ಕನನ್ನು ಒಳಗೆ ಕರೆದರು.

ಅರ್ಧ ಗಂಟೆಯ ಮೇಲೆ ಅಕ್ಕ ಹತ್ತಿ ಕಚ್ಚಿಕೊಂಡು ಹೊರಬಂದಳು. ಒಂದು ಗಂಟೆ ಬಾಯಿ ಬಿಡಬಾರದು ಎಂದು ನರ್ಸ್ ಹೇಳಿ ಹೋದರು.

“ಬದುಕಿದ್ನಾ ಅಕ್ಕ? ಬರೀ ತಲೆ ಆಡಿಸು, ಸಾಕು.”

ಅಕ್ಕ ತಲೆ ಆಡಿಸಿದಳು. ಅದು ಹೌದೋ ಇಲ್ಲವೋ ನನಗೂ ತಿಳಿಯಲಿಲ್ಲ.

“ಸರಿಯಾಗಿ ಆಡಿಸಕ್ಕ,” ಎನ್ನುತ್ತ ತಂಗಿ ಅವಳ ಚೀಲ ಹಿಡಿದುಕೊಂಡು ಹಿಂದೆಯೇ ಮೆಟ್ಟಿಲಿಳಿದಳು.